ಲಿಲಿಯನ್ ವಾಲ್ಡ್ ಬಗ್ಗೆ ನಮ್ಮ ಕೊಡಗಿನ ನರ್ಸಿಂಗ್ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಸಬ್‌ಸೆಂಟರ್ (ಹಳ್ಳಿಯ ಆರೋಗ್ಯ ಉಪಕೇಂದ್ರ) ನರ್ಸ್ ಕೆಲಸ ಮುಗಿಸಿ ಮನೆಯಲ್ಲಿ ಕೂತು ಕೆಲವು ವರ್ಷ ಆಯಿತು. ಆದರೂ ಪೋಸ್ಟಿಂಗ್‌ಗೆ ಬರುವ ನರ್ಸಿಂಗ್ ಮಕ್ಕಳು ನಮ್ಮ ಜಗಲಿ ಹತ್ತದೆ ಹೋಗುವುದಿಲ್ಲ. ಕಾಲಿಗೆ ಹತ್ತಿದ ಜಿಗಣೆ ಕಿತ್ತು ಹಾಕುತ್ತಾ, ಕಾಫಿ ಕುಡಿಯುತ್ತಾ ಪ್ರಶ್ನೆ ಕೇಳುತ್ತಾರೆ. ಮಾತು ಎಲ್ಲಿಂದ ಶುರುವಾದರೂ ನಾನು ಅದನ್ನು ಲಿಲಿಯನ್ ವಾಲ್ಡ್ ಹತ್ತಿರ ತಂದು ನಿಲ್ಲಿಸುತ್ತೇನೆ ಅಂತ ಅವರ ದೂರು. ಇರಬಹುದು. ಕೇಳಿದ್ದನ್ನೇ ಮತ್ತೆ ಕೇಳುತ್ತಾರಲ್ಲ, ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನೈಟಿಂಗೇಲ್ ಗೊತ್ತು. ಈ ವಾಲ್ಡ್ ಯಾರು ಮೇಡಂ?

ಅಮೆರಿಕದ ನರ್ಸ್. ಹುಟ್ಟಿದ್ದು 1867ರ ಮಾರ್ಚ್ 10ರಂದು, ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಲ್ಲಿ. ತೀರಿಕೊಂಡದ್ದು 1940ರ ಸೆಪ್ಟೆಂಬರ್ 1ರಂದು. ಆಸ್ಪತ್ರೆಯ ಹೊರಗೆ, ಜನರ ನಡುವೆ ಕೆಲಸ ಮಾಡುವ ನರ್ಸಿಗೆ 'ಪಬ್ಲಿಕ್ ಹೆಲ್ತ್ ನರ್ಸ್' ಅನ್ನುವ ಹೆಸರನ್ನು ಬಳಕೆಗೆ ತಂದವರು ಇವರೇ.

ಮೇ 12, ನರ್ಸುಗಳ ದಿನ ಬಂತು ಅಂದರೆ ನಾವೆಲ್ಲ ದೀಪ ಹಿಡಿದು ನೈಟಿಂಗೇಲ್ ಭಾಷಣ ಮಾಡುತ್ತೇವೆ. ಮಾಡಲಿ, ತಪ್ಪೇನಿಲ್ಲ. ಆದರೆ ದೀಪ ಹಿಡಿದ ಆ ತಾಯಿ ನಮ್ಮ ಕಣ್ಣಿಗೆ ಯಾವಾಗಲೂ ಆಸ್ಪತ್ರೆ ವಾರ್ಡ್ ಒಳಗೇ ಕಾಣುತ್ತಾರೆ. ಬ್ಯಾಗ್ ಹೆಗಲಿಗೆ ಹಾಕಿ, ಕೊಡೆ ಹಿಡಿದು, ನಾಯಿ ಬೊಗಳುವ ಅಂಗಳಕ್ಕೆ ಕಾಲಿಡುವ ನಮ್ಮಂಥವರಿಗೆ ವಾಲ್ಡ್ ಹತ್ತಿರದ ನಂಟಸ್ತಿಕೆ.

ನರ್ಸಿಂಗ್‌ಗೆ ಹೇಗೆ ಬಂದರು? ಬಡತನವಾ?

ಬಡತನ ಅಲ್ಲ. ಜರ್ಮನಿಯಿಂದ ಬಂದ ಯಹೂದಿ ಕುಟುಂಬ, ಚೆನ್ನಾಗಿ ಅನುಕೂಲ ಇದ್ದವರು. ತಂದೆಗೆ ಕನ್ನಡಕ, ಲೆನ್ಸ್ ಇಂಥ ಸಾಮಾನಿನ ವ್ಯಾಪಾರ. 16ನೇ ವಯಸ್ಸಿಗೆ ವಾಸರ್ ಅನ್ನುವ ಹೆಸರಾಂತ ಕಾಲೇಜಿಗೆ ಅರ್ಜಿ ಹಾಕಿದ್ದರು. ವಯಸ್ಸು ಸಾಲದು ಅಂತ ವಾಪಸ್ ಕಳಿಸಿದರು. ಆಮೇಲೆ ಅಕ್ಕನ ಬಾಣಂತನಕ್ಕೆ ಒಬ್ಬ ನರ್ಸ್ ಮನೆಗೆ ಬಂದಳು. ಆಕೆ ಕೆಲಸ ಮಾಡುವುದನ್ನು ನೋಡಿ ಇವರಿಗೆ ಆಸೆ ಹುಟ್ಟಿತು. 1889ರಲ್ಲಿ ನ್ಯೂಯಾರ್ಕ್ ಹಾಸ್ಪಿಟಲ್‌ನ ನರ್ಸಿಂಗ್ ಶಾಲೆಗೆ ಸೇರಿ 1891ರಲ್ಲಿ ಮುಗಿಸಿದರು. ಸ್ವಲ್ಪ ಕಾಲ ಮಕ್ಕಳ ಆಶ್ರಮ ಒಂದರಲ್ಲಿ ಕೆಲಸ ಮಾಡಿದರು. ಅದು ಹಿಡಿಸಲಿಲ್ಲ. ಡಾಕ್ಟರ್ ಆಗೋಣ ಅಂತ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು.

ಡಾಕ್ಟರ್ ಓದು ಬಿಟ್ಟಿದ್ದು ಯಾಕೆ?

ಇದನ್ನು ಕೇಳದ ಬ್ಯಾಚ್ ಇಲ್ಲ. ಮನೆಯಲ್ಲಿ 'ಡಾಕ್ಟರ್ ಸೀಟ್ ಸಿಗಲಿಲ್ಲ, ಅದಕ್ಕೆ ನರ್ಸಿಂಗ್' ಅಂತ ಮಾತು ಕೇಳಿಸಿಕೊಂಡು ಬಂದ ಮಕ್ಕಳು ತಾನೇ!

1893ರ ಮಾರ್ಚ್. ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಅನ್ನುವ ಕೇರಿ. ಪೂರ್ವ ಯುರೋಪಿನಿಂದ ವಲಸೆ ಬಂದವರು ಕಿಕ್ಕಿರಿದು ತುಂಬಿದ ಜಾಗ. ಅಲ್ಲಿನ ಹೆಂಗಸರಿಗೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವುದು ಹೇಗೆ ಅಂತ ವಾಲ್ಡ್ ಪಾಠ ಮಾಡುತ್ತಿದ್ದರು. ಆ ದಿನದ ಪಾಠ ಹಾಸಿಗೆ ಸರಿಯಾಗಿ ಹಾಸುವುದು. ನಾವೂ ಮೊದಲ ವರ್ಷ ಅದನ್ನೇ ಕಲಿತಿದ್ದೇವೆ ಅಲ್ವಾ, ಮೂಲೆ ಮಡಚಿ, ಸುಕ್ಕು ಇಲ್ಲದ ಹಾಗೆ. ಪಾಠದ ನಡುವೆ ಒಂದು ಪುಟ್ಟ ಹುಡುಗಿ ಬಂದು, ನಮ್ಮ ಅಮ್ಮನಿಗೆ ಹುಷಾರಿಲ್ಲ ಅಂದಳು. ವಾಲ್ಡ್ ಆ ಮಗುವಿನ ಹಿಂದೆ ಹೊರಟರು. ಕಿತ್ತುಹೋದ ರಸ್ತೆ, ನಾರುವ ಅಂಗಳ, ಕೆಸರು ಅಂಟಿದ ಮೆಟ್ಟಿಲು. ಎರಡೇ ಕೋಣೆ, ಅದರಲ್ಲಿ ಏಳು ಜನ, ಜೊತೆಗೆ ಬಾಡಿಗೆಗೆ ಮಲಗಲು ಬಂದ ಹೊರಗಿನವರು. ಹೆತ್ತು ಎರಡು ದಿನ ಆದ ಬಾಣಂತಿ ರಕ್ತಸ್ರಾವದಲ್ಲಿ ಬಿದ್ದಿದ್ದಳು. ಫೀಸು ಕೊಡಲಾಗದ್ದಕ್ಕೆ ಡಾಕ್ಟರ್ ಬಿಟ್ಟು ಹೋಗಿದ್ದರು.

ವಾಲ್ಡ್ ಅವಳನ್ನು ತೊಳೆದು, ಹಾಸಿಗೆ ಬದಲಿಸಿ, ನೆಲ ಒರೆಸಿ ಬಂದರು. ಮನೆಯವರು ಕೈಗೆ ಮುತ್ತಿಟ್ಟರು. ಕಾಲೇಜಿನ ಕಡೆ ಅವರು ಮತ್ತೆ ತಲೆ ಹಾಕಲಿಲ್ಲ. ಇಂಥದ್ದು ನಡೆಯುತ್ತಿರುವುದು ಜನಕ್ಕೆ ಗೊತ್ತಿಲ್ಲದ ಕಾರಣಕ್ಕೆ, ಗೊತ್ತು ಮಾಡಿದರೆ ನಿಲ್ಲುತ್ತದೆ ಅಂತ ಆಗ ಅವರಿಗೆ ಅನ್ನಿಸಿತಂತೆ. 26 ವರ್ಷದ ಹುಡುಗಿಯ ನಂಬಿಕೆ ಅದು. ನನಗೆ ಆ ನಂಬಿಕೆ ಅಷ್ಟಿಲ್ಲ. ಗೊತ್ತಿದ್ದೂ ಸುಮ್ನೆ ಇರುವವರನ್ನು ನಾನು ಜಾಸ್ತಿ ನೋಡಿದ್ದೇನೆ.

ಮನೆ ಮನೆಗೆ ಹೋಗುವ ನರ್ಸ್ ಅಂದರೆ ಇವರೇ ಮೊದಲು ಅಂತ ಬರೆಯಬಹುದಾ?

ಬರೆಯಬೇಡಿ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ವಿಲಿಯಂ ರಾತ್‌ಬೋನ್ ಅನ್ನುವ ವ್ಯಾಪಾರಿ 1859ರಲ್ಲೇ ಮೇರಿ ರಾಬಿನ್ಸನ್ ಎಂಬ ನರ್ಸನ್ನು ಬಡವರ ಮನೆಗಳಿಗೆ ಕಳಿಸಿದ್ದ. ಆಕೆ ಅವನ ಹೆಂಡತಿಯ ಕಾಯಿಲೆಯಲ್ಲಿ ಆರೈಕೆ ಮಾಡಿದ್ದವಳು. ನ್ಯೂಯಾರ್ಕಿನಲ್ಲೂ ವಾಲ್ಡ್‌ಗಿಂತ ಮೊದಲೇ ಕ್ರೈಸ್ತ ಮಿಷನ್ನಿನವರು ಮನೆಗಳಿಗೆ ನರ್ಸ್ ಕಳಿಸುತ್ತಿದ್ದರು.

ಹಾಗಾದರೆ ವಾಲ್ಡ್ ಮಾಡಿದ್ದರಲ್ಲಿ ಹೊಸದೇನು?

ಮೊದಲನೆಯದು, ಅಲ್ಲೇ ಹೋಗಿ ಮನೆ ಮಾಡಿದ್ದು. ಜೊತೆಗೆ ಓದಿದ ಮೇರಿ ಬ್ರೂಸ್ಟರ್‌ರನ್ನು ಕರೆದುಕೊಂಡು 1893ರಲ್ಲೇ ಅದೇ ಕೇರಿಗೆ ಬಂದರು. ಜೆಫರ್ಸನ್ ಸ್ಟ್ರೀಟಿನ ಒಂದು ವಠಾರದ ಮೇಲಿನ ಅಂತಸ್ತಿನಲ್ಲಿ ಇದ್ದರು. ನೆರೆಯವರು ರಾತ್ರಿ ಹೊತ್ತು ಬಾಗಿಲು ಬಡಿಯಬಹುದಿತ್ತು. 1895ರಲ್ಲಿ 265 ಹೆನ್ರಿ ಸ್ಟ್ರೀಟಿನ ಮನೆ ಸಿಕ್ಕಿತು. ಮುಂದೆ ಅದೇ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಅಂತ ಹೆಸರಾಯಿತು. ಸೆಟಲ್‌ಮೆಂಟ್ ಅಂದರೆ ಬಡವರ ಕೇರಿಯಲ್ಲೇ ವಾಸ ಇದ್ದು ಅವರಿಗೆ ನೆರವಾಗುವವರ ಮನೆ.

ಆಮೇಲೆ, ನರ್ಸನ್ನು ಕರೆಯಲು ಡಾಕ್ಟರ ಚೀಟಿ ಬೇಕಾಗಿರಲಿಲ್ಲ. ತಾಯಿ ಕರೆದರೂ ಹೋಗುತ್ತಿದ್ದರು, ಪಕ್ಕದ ಮನೆಯವಳು ಕರೆದರೂ ಹೋಗುತ್ತಿದ್ದರು. ಧರ್ಮ ಕೇಳುತ್ತಿರಲಿಲ್ಲ. ನಗರದ ಆರೋಗ್ಯ ಮಂಡಳಿಯಿಂದ ಒಂದು ಬ್ಯಾಡ್ಜ್ ಕೇಳಿ ಪಡೆದರು. ಸರ್ಕಾರದ ಬ್ಯಾಡ್ಜ್ ಇದ್ದರೆ ಮೇಸ್ತ್ರಿಯೂ ದಾರಿ ಬಿಡುತ್ತಾನೆ, ಮನೆ ಮಾಲೀಕನೂ ಬಿಡುತ್ತಾನೆ. ತೋಟದ ಗೇಟಿನ ಮುಂದೆ ನಿಂತು, ಲೆಕ್ಕ ಬರೆಯುವ ರೈಟರ್ ಬರಲಿ ಅಂತ ಕಾದವರಿಗೆ ಆ ಬ್ಯಾಡ್ಜ್ ಬೆಲೆ ಗೊತ್ತು.

ಇನ್ನೊಂದು ದುಡ್ಡಿನ ವಿಷಯ. ಕೊಡಬಲ್ಲವರಿಂದ ಒಂದು ಭೇಟಿಗೆ 10ರಿಂದ 25 ಸೆಂಟ್ ತೆಗೆದುಕೊಳ್ಳುತ್ತಿದ್ದರು. ಕೈಯಲ್ಲಿ ಇಲ್ಲದವರಿಗೆ ಪುಕ್ಕಟೆ. ಕೊಡಬಲ್ಲ ಮನೆ ಸಣ್ಣದೇ ಆದರೂ ಫೀಸು ಕೊಟ್ಟರೆ ಅದು ದಾನ ಆಗುವುದಿಲ್ಲ, ಮರ್ಯಾದೆ ಉಳಿಯುತ್ತದೆ ಅನ್ನುವ ಲೆಕ್ಕ. ನಮ್ಮಲ್ಲೂ ಮುದುಕಿಯರು ಸಿಸ್ಟರಮ್ಮ ಬಂದಾಗ ಕೈಗೆ ಎರಡು ಕಿತ್ತಳೆ ತುರುಕದೆ ಕಳಿಸುವುದಿಲ್ಲ. ಮೊದಮೊದಲು ನಾನು ಬೇಡ ಬೇಡ ಅನ್ನುತ್ತಿದ್ದೆ. ಆಮೇಲೆ ಬುದ್ಧಿ ಬಂತು, ತೆಗೆದುಕೊಳ್ಳಲು ಕಲಿತೆ.

ಛಾವಣಿ ಮೇಲೆ ಹತ್ತಿ ಹೋಗುತ್ತಿದ್ದರಂತೆ?

ನಿಜ. ಉದ್ದ ಲಂಗದ ನರ್ಸ್ ಒಬ್ಬಳು ಕೈಯಲ್ಲಿ ಬ್ಯಾಗ್ ಹಿಡಿದು ಒಂದು ಕಟ್ಟಡದ ಛಾವಣಿಯಿಂದ ಇನ್ನೊಂದಕ್ಕೆ ದಾಟುವ ಹಳೆಯ ಫೋಟೋ ಇದೆ. ಐದಾರು ಅಂತಸ್ತು ಇಳಿದು, ಮತ್ತೆ ಐದಾರು ಹತ್ತುವ ಬದಲು ಮೇಲಿಂದಲೇ ದಾಟುವುದು. ಶೋಕಿಗೆ ಮಾಡಿದ್ದಲ್ಲ, ಕಾಲು ನೋವಿಗೆ ಕಂಡುಕೊಂಡ ದಾರಿ. ನಾವು ರಸ್ತೆ ಬಿಟ್ಟು ತೋಟದ ಒಳದಾರಿ ಹಿಡಿಯುತ್ತೇವಲ್ಲ, ಹಾಗೆ. ನಮಗೆ ಆನೆ ಭಯ ಒಂದು ಜಾಸ್ತಿ.

ಇಷ್ಟೆಲ್ಲಾ ನಡೆಸಲು ದುಡ್ಡು ಎಲ್ಲಿಂದ ಬಂತು?

ಶ್ರೀಮಂತರಿಂದ. ಜೇಕಬ್ ಶಿಫ್ ಅನ್ನುವ ಬ್ಯಾಂಕರ್, ಲೋಬ್ ಕುಟುಂಬದ ಯಜಮಾನಿ, ಇವರು ಮೊದಲಿನಿಂದ ಕೊಟ್ಟವರು. ಹೆನ್ರಿ ಸ್ಟ್ರೀಟಿನ ಮನೆ ಕೊಂಡು ಕೊಟ್ಟವನೂ ಶಿಫ್. ವಾಲ್ಡ್ ಸುಮ್ನೆ ಕೈ ಚಾಚಲಿಲ್ಲ. ತಿಂಗಳು ತಿಂಗಳು ವರದಿ ಬರೆದು ಕಳಿಸುತ್ತಿದ್ದರು. ಎಷ್ಟು ಮನೆ, ಯಾವ ಕಾಯಿಲೆ, ಯಾರ ಮನೆಯಲ್ಲಿ ಅಡುಗೆಗೆ ಏನೂ ಇಲ್ಲ, ಎಲ್ಲ ಅದರಲ್ಲಿ ಇರುತ್ತಿತ್ತು. ರಿಜಿಸ್ಟರ್ ಬರೆಯಲು ಗೊಣಗುವ ಮಕ್ಕಳಿಗೆ ನಾನು ಇದನ್ನು ಎರಡು ಸಲ ಹೇಳುತ್ತೇನೆ.

1909ರಲ್ಲಿ ಇನ್ನೊಂದು ಚಾಣಾಕ್ಷ ಕೆಲಸ ಮಾಡಿದರು. ಮೆಟ್ರೊಪಾಲಿಟನ್ ಲೈಫ್ ಅನ್ನುವ ವಿಮಾ ಕಂಪನಿಯ ಮುಂದೆ ಒಂದು ಲೆಕ್ಕ ಇಟ್ಟರು. ನಿಮ್ಮ ಪಾಲಿಸಿದಾರರು ಬೇಗ ಸತ್ತರೆ ನಷ್ಟ ನಿಮಗೆ. ನಮ್ಮ ನರ್ಸ್ ಹೋಗಿ ನೋಡಿಕೊಂಡರೆ ಅವರು ಹೆಚ್ಚು ದಿನ ಬದುಕುತ್ತಾರೆ. ಭೇಟಿಯ ಖರ್ಚು ನೀವು ಕೊಡಿ. ಕಂಪನಿ ಒಪ್ಪಿತು. ಒಂದು ಊರಲ್ಲಿ ಶುರುವಾಗಿ ದೇಶದ ತುಂಬ ಹರಡಿದ ಈ ಏರ್ಪಾಡು 1950ರ ದಶಕದ ಆರಂಭದವರೆಗೂ ನಡೆಯಿತು. ಸೇವೆ, ತ್ಯಾಗ ಅನ್ನುವ ಮಾತಿಗೆ ಕರಗದವರು ಲಾಭದ ಲೆಕ್ಕಕ್ಕೆ ಕರಗುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಬೆಳವಣಿಗೆ ನೋಡಿ: 1906ರಲ್ಲಿ ಹೆನ್ರಿ ಸ್ಟ್ರೀಟಿನಲ್ಲಿ 27 ನರ್ಸ್ ಇದ್ದರು, 1913ರ ಹೊತ್ತಿಗೆ 92 ಜನ.

ಶಾಲೆಗೆ ನರ್ಸ್ ಬರುವುದು ಇವರಿಂದ ಶುರುವಾಯಿತಾ?

ಅಮೆರಿಕದ ಮಟ್ಟಿಗೆ ಹೌದು. ಈ ಕತೆ ನನಗೆ ತುಂಬ ಇಷ್ಟ.

ಆ ಕಾಲಕ್ಕೆ ನ್ಯೂಯಾರ್ಕಿನ ಶಾಲೆಗಳಿಗೆ ಡಾಕ್ಟರು ಬಂದು ಮಕ್ಕಳನ್ನು ನೋಡುತ್ತಿದ್ದರು. ಕಣ್ಣು ಕೆಂಪಾಗಿದ್ದರೆ, ಹುಳುಕಡ್ಡಿ ಇದ್ದರೆ, ತಲೆಯಲ್ಲಿ ಹೇನು ಇದ್ದರೆ ಮಗು ಮನೆಗೆ. ಅಷ್ಟೇ. ಮನೆಗೆ ಹೋದ ಮಗುವಿಗೆ ಔಷಧಿ ಯಾರು ಹಚ್ಚಬೇಕು? ಯಾರೂ ಇಲ್ಲ. ಚೀಟಿ ಓದಲು ತಾಯಿಗೆ ಇಂಗ್ಲಿಷ್ ಬರುವುದಿಲ್ಲ. ಮಗು ಅದೇ ಬೀದಿಯಲ್ಲಿ ಅದೇ ಗೆಳೆಯರ ಜೊತೆ ಸಂಜೆಯವರೆಗೂ ಆಡುತ್ತಿತ್ತು. ತಲೆಯಲ್ಲಿ ಹುಣ್ಣಿದೆ ಅಂತ 12 ವರ್ಷ ಆದರೂ ಶಾಲೆಯ ಒಳಗೆ ಕಾಲಿಡದ ಒಬ್ಬ ಹುಡುಗನನ್ನು ವಾಲ್ಡ್ ಮೊದಲೇ ಕಂಡಿದ್ದರು. ಮುಲಾಮು ಹಚ್ಚಿ, ಹೇಗೆ ಹಚ್ಚುವುದು ಅಂತ ತಾಯಿಗೆ ಹೇಳಿಕೊಟ್ಟರು. ಹುಡುಗ ಶಾಲೆ ಸೇರಿದ.

1902ರಲ್ಲಿ ನಗರಾಡಳಿತದವರ ಮುಂದೆ ಹೋಗಿ, ಒಂದು ತಿಂಗಳು ನಮ್ಮ ನರ್ಸನ್ನು ಕೊಡುತ್ತೇನೆ, ಸಂಬಳ ನಾವೇ ಕೊಡುತ್ತೇವೆ, ಕೆಲಸ ಸರಿ ಕಂಡರೆ ಆಮೇಲೆ ಖರ್ಚು ನಗರದ್ದು ಅಂತ ಮಾತು ಮಾಡಿಕೊಂಡರು. ಲೀನಾ ರಾಜರ್ಸ್ ಅನ್ನುವ ನರ್ಸ್ ನಾಲ್ಕು ಶಾಲೆಗಳಿಗೆ ಹೋದರು. ಶಾಲೆಯಲ್ಲೇ ಔಷಧಿ ಹಚ್ಚುವುದು, ಸಂಜೆ ಮಗುವಿನ ಮನೆಗೆ ಹೋಗಿ ತಾಯಿಗೆ ತೋರಿಸಿಕೊಡುವುದು. ಇಷ್ಟೇ ಕೆಲಸ. ತಿಂಗಳು ಮುಗಿಯುವಷ್ಟರಲ್ಲಿ ನಗರದವರು ಒಪ್ಪಿ ಇನ್ನಷ್ಟು ನರ್ಸುಗಳನ್ನು ನೇಮಿಸಿದರು. 1902ರ ಸೆಪ್ಟೆಂಬರಿನಲ್ಲಿ ಕಾಯಿಲೆ ಕಾರಣಕ್ಕೆ ಶಾಲೆಯಿಂದ ಹೊರಗೆ ಕಳಿಸಿದ ಮಕ್ಕಳು 10,567. ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ 1,101.

ನಮ್ಮಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಒಳ್ಳೆಯದೇ. ಆದರೆ ಚೀಟಿ ಬರೆದು ಕೊಟ್ಟ ಮೇಲೆ ಆ ಮಗುವನ್ನು ಮಡಿಕೇರಿಯವರೆಗೆ ಕರೆದುಕೊಂಡು ಹೋಗುವವರು ಯಾರು, ಅವತ್ತಿನ ಕೂಲಿ ಹೋದರೆ ಕೊಡುವವರು ಯಾರು ಅಂತ ಕೇಳುವ ನರ್ಸ್ ಒಬ್ಬಳು ಬೇಕು. ಚೀಟಿಗೂ ಮನೆಗೂ ನಡುವಿನ ದೂರವನ್ನೇ ಲೀನಾ ರಾಜರ್ಸ್ ನಡೆದದ್ದು.

ಅದೆಲ್ಲ ನ್ಯೂಯಾರ್ಕ್. ನಮ್ಮ ತೋಟ ಕಾರ್ಮಿಕರ ಲೈನ್ ಮನೆಗೆ ಇದರಿಂದ ಏನು ಉಪಯೋಗ?

ನನ್ನದೇ ಒಂದು ತಪ್ಪು ಹೇಳುತ್ತೇನೆ, ಕೇಳಿ.

ಒಂದು ಕಾಫಿ ತೋಟದ ಲೈನ್ ಮನೆಗಳಲ್ಲಿ ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದೆ. ರಿಜಿಸ್ಟರಿನಲ್ಲಿ ಎಲ್ಲ ಸರಿ, ಕೊಟ್ಟದ್ದು ಇಷ್ಟು, ತಗೊಂಡದ್ದು ಇಷ್ಟು. ಆದರೆ ರಕ್ತ ಮಾತ್ರ ಏರಲಿಲ್ಲ. ಒಂದು ದಿನ ಲೈನ್ ಹಿಂದಿನ ಚರಂಡಿಯಲ್ಲಿ ನೋಡಿದರೆ ಕೆಂಪು ಕೆಂಪು ಮಾತ್ರೆಗಳು. ಕೋಪ ಬಂತು. ಬೈದೂ ಬಿಟ್ಟೆ. ಆಗ ಒಬ್ಬ ಅಜ್ಜಿ ಮೆಲ್ಲಗೆ ಕೇಳಿದರು: 'ಸಿಸ್ಟರಮ್ಮ, ಬೆಳಿಗ್ಗೆ ಆ ಮಾತ್ರೆ ತಿಂದು ವಾಂತಿ ಬಂದರೆ ಚೆಕ್‌ರೋಲ್‌ಗೆ ಹೋಗೋದು ಹೇಗೆ?'

ಚೆಕ್‌ರೋಲ್ ಅಂದರೆ ಬೆಳಿಗ್ಗೆ ಕೂಲಿಯವರ ಹಾಜರಿ ಹಾಕುವುದು. ಬೆಳಿಗ್ಗೆ ಹಸಿದ ಹೊಟ್ಟೆ. ಬೆಲ್ಲದ ಕಪ್ಪು ಕಾಫಿ ಒಂದು ಲೋಟ. ಅದರ ಜೊತೆ ಮಾತ್ರೆ. ಹೊಟ್ಟೆ ತೊಳಸದೆ ಇರುತ್ತದಾ? ಅದೂ ಅಲ್ಲದೆ ಕಾಫಿ, ಟೀ ಜೊತೆ ತೆಗೆದುಕೊಂಡರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದೇ ಇಲ್ಲ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಕಾಫಿ ಬೆಳೆಯುವ ನಾಡಲ್ಲಿ, ಕಾಫಿ ಕುಡಿದೇ ಏಳುವ ಹೆಂಗಸರಿಗೆ, ಬಾಯಿ ಬಿಟ್ಟು ಹೇಳಿರಲಿಲ್ಲ. ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳಿ, ಕಾಫಿಗೂ ಮಾತ್ರೆಗೂ ಒಂದು ಗಂಟೆಯಾದರೂ ಅಂತರ ಇರಲಿ ಅಂದೆ. ಚರಂಡಿಯಲ್ಲಿ ಮಾತ್ರೆ ಕಾಣುವುದು ಕಡಿಮೆ ಆಯಿತು.

ಅಲ್ಲಿಗೇ ಮುಗಿಯಲಿಲ್ಲ. ತಪಾಸಣೆಗೆ ಕರೆದ ದಿನ ಹಣ್ಣು ಕೊಯ್ಲಿನ ಕಾಲದಲ್ಲಿ ಯಾರೂ ಬರುತ್ತಿರಲಿಲ್ಲ. ಡಿಸೆಂಬರಿನಿಂದ ಕೈ ತುಂಬ ಕೆಲಸ, ಕಿಲೋ ಲೆಕ್ಕದ ಕೂಲಿ. ಒಂದು ದಿನ ಬಿಟ್ಟರೆ ಸಂತೆ ಖರ್ಚಿಗೆ ಕೊರತೆ. ಹಾಗಾಗಿ ರೈಟರ್ ಹತ್ತಿರ ಮಾತಾಡಿ, ಕಣದ ಪಕ್ಕದ ಶೆಡ್ಡಿನಲ್ಲಿ ಸಂಜೆ ತೂಕ ಹಾಕುವ ಹೊತ್ತಿಗೆ ಬಿ.ಪಿ. ನೋಡಲು ಶುರು ಮಾಡಿದೆ. ಕಾಫಿ ಹಣ್ಣಿಗೂ ತೂಕ, ಬಸುರಿಗೂ ತೂಕ. ಹೆಂಗಸರು ನಕ್ಕು ನಕ್ಕು ಸಾಲಲ್ಲಿ ನಿಲ್ಲುತ್ತಿದ್ದರು.

ವಾಲ್ಡ್ ಬಗ್ಗೆ ನಾನು ಓದಿದ್ದು ಇದಾದ ಎಷ್ಟೋ ವರ್ಷಕ್ಕೆ. ಓದಿದಾಗ ಮೊದಲು ನೆನಪಾದದ್ದು ಆ ಅಜ್ಜಿ. ಮನೆಯ ಬಾಗಿಲಲ್ಲಿ ಕಂಡದ್ದನ್ನು ವಾಲ್ಡ್ ಅಲ್ಲೇ ಬಿಟ್ಟು ಬರಲಿಲ್ಲ. ದುಡ್ಡು, ನಿಯಮ ಎರಡೂ ಯಾರ ಕೈಯಲ್ಲಿ ಇದೆಯೋ ಅವರ ಮೇಜಿನವರೆಗೆ ಹೊತ್ತುಕೊಂಡು ಹೋದರು. ಅವರ ದೊಡ್ಡತನ ನನಗೆ ಕಂಡದ್ದು ಅಲ್ಲಿ. ನಾನು ಹೊತ್ತದ್ದು ರೈಟರ್ ಮೇಜಿನವರೆಗೆ. ಅವರು ಅಮೆರಿಕದ ಅಧ್ಯಕ್ಷರವರೆಗೆ ಹೋದರು.

ಅಧ್ಯಕ್ಷರವರೆಗೆ ಹೋದದ್ದು ಯಾಕೆ?

ಮಕ್ಕಳಿಗಾಗಿ. ಫ್ಲಾರೆನ್ಸ್ ಕೆಲಿ ಅನ್ನುವವರು ಹೆನ್ರಿ ಸ್ಟ್ರೀಟಿನಲ್ಲೇ ಇದ್ದರು. ಬಾಲಕಾರ್ಮಿಕರ ಪರ ಹೋರಾಡಿದ ಗಟ್ಟಿ ಹೆಂಗಸು. 1903ರ ಒಂದು ಬೆಳಿಗ್ಗೆ ತಿಂಡಿ ಹೊತ್ತಿಗೆ ಇಬ್ಬರೂ ಪೇಪರ್ ನೋಡುತ್ತಿದ್ದರು. ಹತ್ತಿ ಕಾಯಿ ಕೊರೆಯುವ ಹುಳುವಿನ ಹಾವಳಿ ನೋಡಲು ಕೃಷಿ ಮಂತ್ರಿಯೇ ದಕ್ಷಿಣದ ರಾಜ್ಯಗಳಿಗೆ ಹೊರಟಿದ್ದಾರೆ ಅಂತ ಸುದ್ದಿ. ಹತ್ತಿ ಬೆಳೆಗೆ ಸರ್ಕಾರದ ಇಲಾಖೆ ಇದೆಯಲ್ಲ, ದೇಶದ ಮಕ್ಕಳ ಬೆಳೆಗೆ ಯಾಕಿಲ್ಲ ಅನ್ನುವ ಪ್ರಶ್ನೆ ಅಲ್ಲಿ ಹುಟ್ಟಿತು.

ಇದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾ? ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಬಂದರೆ ಕೇಳಲು ಚೆಟ್ಟಳ್ಳಿಯಲ್ಲಿ ಸಂಶೋಧನಾ ಕೇಂದ್ರ ಇದೆ. ಅದೇ ಗಿಡದ ಬುಡದಲ್ಲಿ ಸೀರೆ ತೊಟ್ಟಿಲು ಕಟ್ಟಿ ಮಲಗಿಸಿದ ಮಗುವಿನ ತೂಕ ಯಾಕೆ ಇಳಿಯಿತು ಅಂತ ಕೇಳುವವರು ಎಷ್ಟು ಜನ?

ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮುಂದೆ ವಿಷಯ ಇಟ್ಟರು. ಮಸೂದೆ ವರ್ಷಗಟ್ಟಲೆ ಎಳೆದಾಡಿತು. 1912ರಲ್ಲಿ, ಟ್ಯಾಫ್ಟ್ ಅಧ್ಯಕ್ಷರಾಗಿದ್ದಾಗ, ಮಕ್ಕಳ ಇಲಾಖೆ ಬಂತು. ಮೊದಲ ಮುಖ್ಯಸ್ಥೆ ಜೂಲಿಯಾ ಲ್ಯಾಥ್ರಾಪ್. ಆ ಇಲಾಖೆ ಮೊದಲು ಮಾಡಿದ ಕೆಲಸ ಹಸುಗೂಸುಗಳು ಯಾಕೆ ಸಾಯುತ್ತವೆ ಅಂತ ಮನೆ ಮನೆಗೆ ಹೋಗಿ ಕೇಳಿದ್ದು. ತಂದೆಯ ಸಂಪಾದನೆ ಕಡಿಮೆ ಇದ್ದ ಮನೆಗಳಲ್ಲಿ ಸಾವು ಹೆಚ್ಚು ಅಂತ ಗೊತ್ತಾಯಿತು. ಅಲ್ಲಿಯವರೆಗೆ ತಾಯಿಗೆ ತಿಳಿವಳಿಕೆ ಇಲ್ಲ ಅಂತ ತಾಯಿಯನ್ನೇ ಬೈಯುತ್ತಿದ್ದರು. ಮಾತ್ರೆ ಎಸೆದವರನ್ನು ನಾನು ಬೈದ ಹಾಗೆ.

ನಮ್ಮಲ್ಲಿ 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಔಷಧೋಪಚಾರ, ಕೂಸಿನ ಮನೆ ಇವನ್ನೆಲ್ಲ ಮಾಲೀಕರ ಹೊಣೆ ಅಂತ ಬರೆಯಿತು. 50 ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟಕ್ಕೆ ಕೂಸಿನ ಮನೆ ಬೇಕು ಅಂತ ಅದರಲ್ಲಿ ಇತ್ತು. ಸಣ್ಣ ತೋಟಗಳೇ ಹೆಚ್ಚು ಇರುವ ನಮ್ಮ ಕಡೆ ಆ ಲೆಕ್ಕ ಎಷ್ಟು ಕಡೆ ಮುಟ್ಟುತ್ತಿತ್ತು, ನೀವೇ ಊಹಿಸಿ.

ತೋಟಕ್ಕೆ ಬರುವ ಅಸ್ಸಾಂ ಕೆಲಸಗಾರರ ಭಾಷೆ ನಮಗೆ ಬರಲ್ಲ, ಬುಡಕಟ್ಟಿನವರ ಹಾಡಿಯಲ್ಲಿ ಮಾತಾಡೋಕೂ ಬರಲ್ಲ. ವಾಲ್ಡ್ ಏನು ಮಾಡಿದರು?

ಅವರ ಕೇರಿಯಲ್ಲೂ ಯಿಡ್ಡಿಷ್, ರಷ್ಯನ್, ಇಟಾಲಿಯನ್ ಹೀಗೆ ನೂರೆಂಟು ಮಾತು. ನರ್ಸುಗಳು ಅಲ್ಲೇ ವಾಸ ಇದ್ದದ್ದರಿಂದ ಕಿವಿಗೆ ಬಿದ್ದು ಬಿದ್ದು ಕಲಿತರು. ಮಕ್ಕಳು ದುಭಾಷಿ ಆದರು.

ನೀವೂ ಹತ್ತು ಮಾತು ಕಲಿತರೆ ಸಾಕು. ಜ್ವರ, ನೋವು, ಹಾಲು, ನೀರು, ಮುಟ್ಟು, ಎಷ್ಟು ದಿನ, ಹೆದರಬೇಡಿ. ಹಿಂದಿಯಲ್ಲಿ ಶುರು ಮಾಡಿ. ಯರವರ ಹಾಡಿಗೆ, ಜೇನುಕುರುಬರ ಹಾಡಿಗೆ ಹೋದರೆ ಮೊದಲು ಅಲ್ಲಿನ ಆಶಾ ಅಥವಾ ಅಂಗನವಾಡಿ ಅಕ್ಕನ ಜೊತೆ ಹೋಗಿ, ಹೊರಗೆ ಕೂತು ಸ್ವಲ್ಪ ಹೊತ್ತು ಸುಮ್ನೆ ಇರಿ. ಒಳಗೆ ಕರೆಯುವವರೆಗೆ ಹೊಸಿಲು ದಾಟಬೇಡಿ. ಗಂಡಸರ ಮುಂದೆ ಮುಟ್ಟಿನ ವಿಷಯ ಕೇಳಬೇಡಿ. ಇದಕ್ಕೆಲ್ಲ ಭಾಷೆ ಬೇಕಾಗಿಲ್ಲ.

1918ರ ಫ್ಲೂ ಸಮಯದಲ್ಲಿ ಇವರ ಪಾತ್ರ ಏನು?

ನ್ಯೂಯಾರ್ಕಿನ ನರ್ಸುಗಳ ತುರ್ತು ಮಂಡಳಿಗೆ ವಾಲ್ಡ್ ಅವರೇ ಅಧ್ಯಕ್ಷೆ. ಯುದ್ಧಕ್ಕೆ ಎಷ್ಟೋ ನರ್ಸುಗಳು ಹೋಗಿದ್ದರು. ಕೈ ಸಾಲದು. ಐದನೇ ಅವೆನ್ಯೂದ ದೊಡ್ಡ ಅಂಗಡಿಗಳ ಮೆಟ್ಟಿಲ ಮೇಲೆ ಹೆಂಗಸರನ್ನು ನಿಲ್ಲಿಸಿ, ಬಂದು ಹೋಗುವವರಿಗೆ ಚೀಟಿ ಹಂಚಿಸಿದರು. ನರ್ಸಿಂಗ್ ಗೊತ್ತಿದ್ದವರು ರೋಗಿ ನೋಡಲಿ, ಗೊತ್ತಿಲ್ಲದವರು ಗಂಜಿ ಕಾಯಿಸಲಿ, ಕಾರ್ ಇದ್ದವರು ಕಾರ್ ಓಡಿಸಲಿ ಅಂತ ಕೆಲಸ ಹಂಚುವುದು.

2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಾವು ಪರಿಹಾರ ಕೇಂದ್ರದಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದೇ. ಗಾಯಕ್ಕಿಂತ ಜಾಸ್ತಿ ತೊಂದರೆ ಕೊಟ್ಟದ್ದು ಬಿ.ಪಿ., ಸಕ್ಕರೆ ಕಾಯಿಲೆ. ಮಾತ್ರೆ ಮನೆಯ ಜೊತೆ ಮಣ್ಣಡಿ ಹೋಗಿತ್ತು. 'ಬಿಳಿ ಸಣ್ಣ ಮಾತ್ರೆ, ನಡುವೆ ಗೆರೆ' ಅಂತ ಅಷ್ಟೇ ನೆನಪು. ಸಬ್‌ಸೆಂಟರಿನ ರಿಜಿಸ್ಟರ್ ಉಳಿದಿದ್ದವರು ಹೆಸರು ನೋಡಿ ಮಾತ್ರೆ ಹೇಳಿದರು.

ರಾಜಕೀಯದಲ್ಲೂ ಇದ್ದರಾ? ನರ್ಸ್‌ಗೆ ಅದು ಯಾಕೆ?

ಇದ್ದರು. ಚುನಾವಣೆಗೆ ನಿಲ್ಲಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ಕಪ್ಪು ಜನರ ಹಕ್ಕಿನ ಸಂಘಟನೆಗೆ ದಾರಿ ಮಾಡಿದ 1909ರ ಸಮ್ಮೇಳನಕ್ಕೆ ಬಂದವರನ್ನು ಹೆನ್ರಿ ಸ್ಟ್ರೀಟಿನ ಮನೆಗೆ ಕರೆದು ಸತ್ಕಾರ ಮಾಡಿದರು. ಕಪ್ಪು, ಬಿಳಿ ಜನ ಒಟ್ಟಿಗೆ ಸೇರಿ ಉಣ್ಣುವುದೇ ಆಗ ಗುಲ್ಲು ಎಬ್ಬಿಸುವ ವಿಷಯ. ಹೆಂಗಸರ ಮತದ ಹಕ್ಕಿಗೆ ದುಡಿದರು. 1914ರಲ್ಲಿ ಯುದ್ಧ ಶುರುವಾದಾಗ ಆಗಸ್ಟ್ 29ರಂದು ಸುಮಾರು 1,500 ಹೆಂಗಸರು ನ್ಯೂಯಾರ್ಕಿನಲ್ಲಿ ಶಾಂತಿಗಾಗಿ ಮೆರವಣಿಗೆ ಹೋದರು. ಅದರ ಮುಂದಾಳುಗಳಲ್ಲಿ ವಾಲ್ಡ್ ಒಬ್ಬರು. ಕೆಲವು ದಾನಿಗಳು ಸಿಟ್ಟಾಗಿ ದುಡ್ಡು ನಿಲ್ಲಿಸಿದರು. ಮನೆಮನೆಯಲ್ಲಿ ಯೋಧರಿರುವ ನಮ್ಮ ಜಿಲ್ಲೆಯಲ್ಲಿ ಈ ಭಾಗ ಹೇಳಿದಾಗ ಕೆಲವು ಮಕ್ಕಳ ಮುಖ ಗಂಟಾಗುತ್ತದೆ. ಅಪ್ಪ, ಅಣ್ಣ ಸೈನ್ಯದಲ್ಲಿ ಇರುವವರು. ನಾನು ವಾದ ಮಾಡುವುದಿಲ್ಲ. ಯುದ್ಧದಿಂದ ವಾಪಸ್ ಬಂದವರ ಗಾಯ ತೊಳೆಯುವವರು ಯಾರು ಅಂತ ಮಾತ್ರ ಕೇಳುತ್ತೇನೆ.

ಅವರಲ್ಲಿ ಕುಂದೇ ಇರಲಿಲ್ಲವಾ?

ಇತ್ತು. 1906ರಲ್ಲಿ ಎಲಿಜಬೆತ್ ಟೈಲರ್ ಎಂಬ ಕಪ್ಪು ನರ್ಸನ್ನು ಕೆಲಸಕ್ಕೆ ತೆಗೆದುಕೊಂಡರು. ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೆ ಕಪ್ಪು ನರ್ಸುಗಳನ್ನು ಹೆಚ್ಚಾಗಿ ಕಪ್ಪು ಜನರ ಮನೆಗಳಿಗೇ ಕಳಿಸುತ್ತಿದ್ದರು. ಬಾಗಿಲು ತೆರೆದರು, ಪೂರ್ತಿ ತೆರೆಯಲಿಲ್ಲ. ಶ್ರೀಮಂತರ ದುಡ್ಡಿನ ಮೇಲೆ ಅಷ್ಟು ನಂಬಿ ಕೂತದ್ದೂ ಕಷ್ಟವೇ ಆಯಿತು. ದಾನಿಗೆ ಕೋಪ ಬಂದರೆ ಬಾಣಂತಿಗೆ ನರ್ಸ್ ಇಲ್ಲ ಅಂದರೆ ಹೇಗೆ? ಅದಕ್ಕೇ ನಾನು ಸರ್ಕಾರಿ ಸಬ್‌ಸೆಂಟರ್ ಪರ. ಸೋರುತ್ತದೆ, ನಿಜ. ಆದರೆ ಯಾರ ಕೋಪಕ್ಕೂ ಮುಚ್ಚಿ ಹೋಗುವುದಿಲ್ಲ.

ಹಳ್ಳಿಗಳಿಗೆ ಏನಾದರೂ ಮಾಡಿದರಾ, ಬರೀ ಪಟ್ಟಣವಾ?

ಅವರ ಸಲಹೆಯಿಂದಲೇ 1912ರಲ್ಲಿ ಅಮೆರಿಕದ ರೆಡ್‌ಕ್ರಾಸ್ ಗ್ರಾಮೀಣ ನರ್ಸಿಂಗ್ ಸೇವೆ ಶುರು ಮಾಡಿತು. ಅದಕ್ಕೂ ಶಿಫ್ ದುಡ್ಡು ಕೊಟ್ಟ. ಅದೇ ವರ್ಷ ಪಬ್ಲಿಕ್ ಹೆಲ್ತ್ ನರ್ಸುಗಳ ರಾಷ್ಟ್ರೀಯ ಸಂಘ ಹುಟ್ಟಿತು. ಮೊದಲ ಅಧ್ಯಕ್ಷೆ ವಾಲ್ಡ್.

ಭಾರತದ ಮೇಲೆ ಪ್ರಭಾವ ಇದೆಯಾ?

ನೇರವಾಗಿ ಇಂಥದ್ದು ಅಂತ ಬೆರಳು ತೋರಿಸಬೇಡಿ. ನಮ್ಮದಕ್ಕೆ ಬೇರೆ ಬೇರೆ ಬೇರು. ದೆಹಲಿಯ ಲೇಡಿ ರೀಡಿಂಗ್ ಹೆಲ್ತ್ ಸ್ಕೂಲ್ 1918ರಲ್ಲಿ ಹೆಲ್ತ್ ವಿಸಿಟರ್‌ಗಳ ತರಬೇತಿ ಶುರು ಮಾಡಿತು, ಅದು ಇಂಗ್ಲೆಂಡಿನ ದಾರಿ. ದೇಶದ ಆರೋಗ್ಯ ಸೇವೆಗೆ ಯೋಜನೆ ಹಾಕಿದ 1946ರ ಭೋರ್ ಸಮಿತಿ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ 2 ಡಾಕ್ಟರ್, 4 ಪಬ್ಲಿಕ್ ಹೆಲ್ತ್ ನರ್ಸ್, 4 ಮಿಡ್‌ವೈಫ್, ತರಬೇತಿ ಪಡೆದ 4 ದಾಯಿಗಳು (ಊರ ಸೂಲಗಿತ್ತಿಯರು) ಅಂತ ಬರೆಯಿತು. ಡಾಕ್ಟರಿಗಿಂತ ಪಬ್ಲಿಕ್ ಹೆಲ್ತ್ ನರ್ಸ್ ಎರಡು ಪಟ್ಟು! ಆ ಹೆಸರು ಮಾತ್ರ ವಾಲ್ಡ್ ಬಳಕೆಗೆ ತಂದದ್ದೇ. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಬೇರೆಯೇ ಪ್ರಾಂತ್ಯ. ಸೇರಿದ್ದು 1956ರಲ್ಲಿ.

ಈಗಿನ ನಿಯಮದಲ್ಲಿ ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಸಬ್‌ಸೆಂಟರ್, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000ಕ್ಕೆ ಒಂದು. 2005ರಿಂದ ಆಶಾ ಕಾರ್ಯಕರ್ತೆಯರು ಬಂದರು, ಸುಮಾರು ಸಾವಿರ ಜನಕ್ಕೆ ಒಬ್ಬರು. ಅದೇ ಊರಿನ ಸೊಸೆ, ಅದೇ ಊರಲ್ಲಿ ವಾಸ. ವಾಲ್ಡ್ ವಠಾರದಲ್ಲಿ ಮನೆ ಮಾಡಿದ್ದಕ್ಕೆ ಹೋಲಿಸಿದರೆ ನಮ್ಮಲ್ಲಿ ಹತ್ತಿರ ಬರುವುದು ನರ್ಸ್ ಅಲ್ಲ, ಆಶಾ. ಸಂಬಳದ ಮಾತು ಬಂದಾಗ ಮಾತ್ರ ಅವರನ್ನು ಸ್ವಯಂಸೇವಕಿ ಅನ್ನುತ್ತೇವೆ.

ಮದುವೆ ಆಗಿದ್ದರಾ?

ಇಲ್ಲ. ಮುಂದಿನ ಪ್ರಶ್ನೆ.

ಪರೀಕ್ಷೆಗೆ ಎಷ್ಟು ಬರೆದರೆ ಸಾಕು?

ಹುಟ್ಟು 1867, ಕೆಲಸದ ಶುರು 1893, ಶಾಲಾ ನರ್ಸ್ 1902, ವಿಮೆ 1909, ಸಂಘ ಮತ್ತು ಮಕ್ಕಳ ಇಲಾಖೆ 1912, ನಿವೃತ್ತಿ 1933, ಸಾವು 1940. ಐದು ಅಂಕಕ್ಕೆ ಇಷ್ಟು ಧಾರಾಳ. ಆ ಬಾಣಂತಿಯ ಎರಡು ಕೋಣೆಯ ಮನೆ ಕತೆ ಬರೆದರೆ ಅಂಕ ಬರುವುದಿಲ್ಲ, ಆದರೂ ಬರೆಯಿರಿ.

ಹೆನ್ರಿ ಸ್ಟ್ರೀಟಿನ ಮನೆ ಈಗಲೂ ಇದೆಯಾ?

ಇದೆ. 265 ಹೆನ್ರಿ ಸ್ಟ್ರೀಟಿನಲ್ಲಿ ಸೆಟಲ್‌ಮೆಂಟ್ ಇನ್ನೂ ಕೆಲಸ ಮಾಡುತ್ತಿದೆ. ಮನೆಗೆ ಹೋಗುವ ನರ್ಸುಗಳ ವಿಭಾಗ 1944ರಲ್ಲಿ ಬೇರೆ ಸಂಸ್ಥೆಯಾಯಿತು.

ನಿಮ್ಮನ್ನು ನೋಡಲು ಯಾವಾಗ ಬರಬಹುದು?

ಮಧ್ಯಾಹ್ನ ಮೂರರ ಮೇಲೆ. ಕೊಯ್ಲಿನ ಕಾಲದಲ್ಲಿ ನಾನೂ ಅಂಗಳದಲ್ಲಿ ಕಾಫಿ ಹರವುತ್ತಾ ಇರುತ್ತೇನೆ, ಕೈ ಜೋಡಿಸಬೇಕಾಗುತ್ತದೆ. ಮಳೆಗಾಲದಲ್ಲಿ ಆದರೆ ಜಿಗಣೆಗೆ ಅಂತ ಕಾಲಿಗೆ ಹಚ್ಚಲು ಉಪ್ಪು ನೀವೇ ತನ್ನಿ. ಹೋದ ಬ್ಯಾಚಿನವರು ನಮ್ಮ ಅಡುಗೆಮನೆ ಉಪ್ಪಿನ ಡಬ್ಬಿ ಖಾಲಿ ಮಾಡಿ ಹೋಗಿದ್ದಾರೆ.